ಹಿತ್ತಲ ತರಕಾರಿ ಹುಳಕ್ಕೆ ಬಿಟಿ ಪುಡಿ: ಬಳಸಿ ನೋಡಿ ಬರೀತಿದ್ದೇನೆ

ಎಲೆ ತಿನ್ನೋ ಪತಂಗದ ಮರಿಹುಳ ಆದ್ರೆ ಬಿಟಿ ಪುಡಿ (ಒಂದು ಬ್ಯಾಕ್ಟೀರಿಯಾದಿಂದ ಮಾಡಿದ ಹುಳದ ಔಷಧಿ) ಕಣ್ಮುಚ್ಚಿ ತಗೊಳ್ಳಿ, ಕಾಯಿ ಒಳಗೆ ಹೊಕ್ಕ ಹುಳ ಆದ್ರೆ ಅದಕ್ಕೆ ದುಡ್ಡು ಹಾಕ್ಬೇಡಿ. ಈ ಪುಡಿ ತಗೊಳ್ಬಹುದಾ ಅಂತ ತುಂಬಾ ಜನ ಕೇಳ್ತಾ ಇದ್ರಿ, ಅದಕ್ಕೇ ಮೊದಲೇ ಹೇಳಿಬಿಟ್ಟೆ, ಇನ್ನು ಪುರಸೊತ್ತು ಇದ್ದವರು ಮುಂದೆ ಓದಿ, ಯಾಕಂದ್ರೆ ಈ ಪುಡಿ ಕೆಲಸ ಮಾಡೋದೂ ಮಾಡದೇ ಇರೋದೂ ನಾವು ಯಾವಾಗ ಹೊಡೀತೀವಿ, ಎಲ್ಲಿ ಹೊಡೀತೀವಿ ಅನ್ನೋದರ ಮೇಲೇ ನಿಂತಿದೆ.

ನಮ್ಮದು ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಅಡಿಕೆ ತೋಟ ಕೆಳಗೆ, ಮನೆ ಹಿಂದೆ ಹಿತ್ತಲು. ಮಳೆಗಾಲಕ್ಕೆ ಹೀರೆ, ಹಾಗಲ, ಪಡವಲ, ಮೊಗೆಕಾಯಿ ಬಳ್ಳಿ, ದೀಪಾವಳಿ ಕಳೆದ ಮೇಲೆ ಹರಿವೆ, ಬದನೆ, ಬೆಂಡೆ, ಅಲಸಂದೆ, ಸ್ವಲ್ಪ ಕ್ಯಾಬೇಜು ಹೂಕೋಸು. ಬಸಳೆ ಚಪ್ಪರ ವರ್ಷವಿಡೀ ಇರ್ತದೆ. ಮನೆ ಊಟಕ್ಕೆ ಅಂತ ಬೆಳೆಯೋದು, ಮಾರೋದಿಲ್ಲ. ಹಿತ್ತಲ ಮೂಲೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ, ಮಕ್ಕಳು ಅಲಸಂದೆ ಕೊಯ್ದು ಹಸೀದೇ ಬಾಯಿಗೆ ಹಾಕ್ಕೊಳ್ತಾರೆ, ಹಾಗಾಗಿ ಪೇಟೆಯಿಂದ ತರೋ ಘಾಟು ವಾಸನೆ ಔಷಧಿ ನಮ್ಮನೆ ತರಕಾರಿಗೆ ಬೇಡವೇ ಬೇಡ ಅಂತ ಮೊದಲಿಂದ ಇತ್ತು. ಬಿಟಿ ತಂದಾಗಲೂ ಅತ್ತೆ ಪ್ಯಾಕೆಟ್ ನೋಡಿ "ಅದೆಂತ ಪುಡಿನೇ, ವಿಷ ಎಲ್ಲ ಹೊಡೆಯಡ" ಅಂದ್ರು. ಅವರು ಹೇಳಿದ್ದು ಸರಿಯಾದ ಮಾತೇ, ಆದ್ರೆ ಇದು ಆ ಜಾತಿಯ ವಿಷ ಅಲ್ಲ.

ಬಿಟಿ ಅಂದ್ರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಲ್ಲಿ ತಾನಾಗೇ ಇರೋ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನಲ್ಲಿ ರೇಷ್ಮೆ ಹುಳ ಇದ್ದಕ್ಕಿದ್ದಂಗೆ ಸಾಯ್ತಾ ಇದ್ದಾಗ ಇಶಿವಾತಾ ಅನ್ನೋರು ಇದನ್ನ ಮೊದಲು ಗುರುತಿಸಿದ್ರು, ಆಮೇಲೆ 1911ರಲ್ಲಿ ಜರ್ಮನಿಯ ಬರ್ಲಿನರ್ ಅನ್ನೋರು ಥುರಿಂಜಿಯಾ ಸೀಮೆಯ ಹಿಟ್ಟಿನ ಪತಂಗದ ಹುಳದಲ್ಲಿ ಅದನ್ನೇ ಕಂಡು, ಮುಂದೆ ಆ ಸೀಮೆಯ ಹೆಸರನ್ನೇ ಇಟ್ರು. ಇದರ ಒಳಗೆ ಹರಳಿನ ಥರದ ಒಂದು ಪ್ರೋಟೀನು ಇರ್ತದೆ. ಎಲೆ ಜೊತೆ ಅದು ಹುಳದ ಹೊಟ್ಟೆಗೆ ಹೋದ್ರೆ ಅಲ್ಲಿನ ಕ್ಷಾರದ ರಸದಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ ತೂತು ಮಾಡ್ತದೆ. ಕೆಲವೇ ಗಂಟೆಯಲ್ಲಿ ಹುಳ ತಿನ್ನೋದು ನಿಲ್ಲಿಸ್ತದೆ, ಸಾಯೋದಕ್ಕೆ ಎರಡು ಮೂರು ದಿನ, ದೊಡ್ಡ ಹುಳ ಆದ್ರೆ ಇನ್ನೂ ಜಾಸ್ತಿ. ನಮ್ಮ ಹೊಟ್ಟೆಯಲ್ಲಿ ಇರೋದು ಆಮ್ಲ, ಆ ಪ್ರೋಟೀನು ಅಂಟ್ಕೊಳ್ಳೋ ಜಾಗವೂ ನಮ್ಮ ಕರುಳಲ್ಲಿ ಇಲ್ಲ, ಅದಕ್ಕೇ ಮನುಷ್ಯರಿಗೆ, ದನಕರುಗೆ, ಹಕ್ಕಿಗೆ ಇದರಿಂದ ತೊಂದ್ರೆ ಇಲ್ಲ. ಜೇನಿಗೂ ಇಲ್ಲ. ನಂಗೆ ಇದೊಂದೇ ಸಾಕಾಯ್ತು ತಗೊಳ್ಳೋದಕ್ಕೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ಬಿಟಿ ಅಂದ ಕೂಡ್ಲೇ ನಮ್ಮ ಕಡೆ ಜನ ಬಿಟಿ ಬದನೆ ನೆನಪು ಮಾಡ್ಕೊಳ್ತಾರೆ. 2009ರ ಅಕ್ಟೋಬರಲ್ಲಿ ಸರ್ಕಾರದ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟು, ಊರೂರಲ್ಲಿ ವಿರೋಧ ಬಂದು, 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಮಂತ್ರಿ ಜೈರಾಂ ರಮೇಶ್ ತಡೆ ಹಾಕಿದ್ರಲ್ಲ, ಅದು. ಅಪ್ಪಿಕೋ ಚಳವಳಿ ಹುಟ್ಟಿದ ಊರಿನವರು ನಾವು, ಬೀಜದ ವಿಷಯದಲ್ಲಿ ಹುಷಾರಾಗಿ ಇರೋದೇ ಸರಿ, ಅದನ್ನ ಬೇಡ ಅನ್ನೋದಿಲ್ಲ. ಆದ್ರೆ ಬಿಟಿ ಬದನೆಯಲ್ಲಿ ಬ್ಯಾಕ್ಟೀರಿಯಾದ ಗುಣವನ್ನ ಗಿಡದ ಒಳಗೇ ಸೇರಿಸಿರ್ತಾರೆ, ಗಿಡದ ಮೈಯೆಲ್ಲ ಆ ಪ್ರೋಟೀನು ಇರ್ತದೆ. ಈ ಪುಡಿ ಹಾಗಲ್ಲ, ಎಲೆ ಮೇಲೆ ಸಿಂಪಡಿಸ್ತೀವಿ, ಬಿಸಿಲಿಗೆ ಕೆಲವೇ ದಿನದಲ್ಲಿ ಶಕ್ತಿ ಕಳ್ಕೊಳ್ತದೆ, ನಿಮ್ಮ ಬೀಜ ನಿಮ್ಮ ಬೀಜವಾಗೇ ಉಳೀತದೆ. ಮಲೆನಾಡ ಮೇಳದಿಂದ ತಂದ ನಾಟಿ ಬೀಜದ ಗಿಡಕ್ಕೂ ನಾನು ಇದನ್ನೇ ಹೊಡೆಯೋದು.

ಅಂಗಡಿ ವಿಷಯಕ್ಕೆ ಬರ್ತೇನೆ. ಪೇಟೆಯ ಗೊಬ್ಬರ-ಔಷಧಿ ಅಂಗಡಿಗಳಲ್ಲಿ ಸಿಗ್ತದೆ, ಡೈಪೆಲ್, ಡೆಲ್ಫಿನ್ ಅನ್ನೋ ಹೆಸರು ನೀವೂ ಕೇಳಿರಬಹುದು, ಬೇರೆ ಕಂಪನಿಯದ್ದೂ ಬರ್ತದೆ. ನಂಗೆ ಕಂಪನಿಗಿಂತ ಮುಖ್ಯ ಆಗಿದ್ದು ಪ್ಯಾಕೆಟ್ ಹಿಂದಿನ ಬರಹ. "ಕುರ್ಸ್ಟಾಕಿ" ಅಂತ ಇರಬೇಕು, ತರಕಾರಿ ಹುಳಕ್ಕೆ ಹತ್ತೋ ಬಿಟಿ ತಳಿ ಅದು. "ಇಸ್ರೇಲೆನ್ಸಿಸ್" ಅಂತ ಇದ್ರೆ ಅದು ನಿಂತ ನೀರಿನ ಸೊಳ್ಳೆ ಮರಿಗೆ ಹಾಕೋದು, ತರಕಾರಿ ಹುಳಕ್ಕೆ ಹತ್ತೋದಿಲ್ಲ, ಎರಡೂ ಬಿಟಿಯೇ ಆದ್ದರಿಂದ ಅಂಗಡಿಯವರೂ ತಪ್ಪಿ ಕೊಡ್ತಾರೆ. ಆಮೇಲೆ ಎಕ್ಸ್‌ಪೈರಿ. ಇದು ಜೀವ ಇರೋ ಮಾಲು, ಹಳತಾದ್ರೆ, ಬಿಸಿಲು ಬಡಿದ್ರೆ ಶಕ್ತಿ ಇಳೀತದೆ. ಒಂದು ಅಂಗಡಿಯಲ್ಲಿ (ಹೆಸರು ಬೇಡ) ಗಾಜಿನ ಶೋಕೇಸಲ್ಲಿ ಪಶ್ಚಿಮದ ಬಿಸಿಲು ನೇರ ಬೀಳೋ ಜಾಗದಲ್ಲಿ ಇಟ್ಟಿದ್ರು, ತಾರೀಖೂ ಮುಗಿದಿತ್ತು, ಕೇಳಿದ್ರೆ "ಏನಾಗೋದಿಲ್ಲ ಅಕ್ಕಾ, ಎರಡು ತಿಂಗಳು ಹೆಚ್ಚುಕಮ್ಮಿ ನಡೀತದೆ" ಅಂತಾರೆ. ನಡೆಯೋದಿಲ್ಲ, ತಗೋಬೇಡಿ. ಇನ್ನೊಂದು ಬೇಜಾರು ಅಂದ್ರೆ ಸಣ್ಣ ಪ್ಯಾಕ್ ಸಿಗೋದೇ ಕಷ್ಟ, ಎಕರೆ ಲೆಕ್ಕದ ದೊಡ್ಡ ಪ್ಯಾಕ್ ಎದುರಿಗೆ ಇಡ್ತಾರೆ, ಹಿತ್ತಲಿಗೆ ಅದು ತೀರೋ ಹೊತ್ತಿಗೆ ಹಾಳಾಗಿರ್ತದೆ. ಗ್ರಾಮಿನ ಲೆಕ್ಕದಲ್ಲಿ ಸಣ್ಣ ಪ್ಯಾಕ್ ತುಟ್ಟಿ ಬಿದ್ರೂ ಅದನ್ನೇ ತಗೊಳ್ಳಿ, ಇಲ್ಲಾಂದ್ರೆ ನಾಲ್ಕು ಮನೆಯವರು ಸೇರಿ ಒಂದು ತಂದು ಹಂಚ್ಕೊಳ್ಳಿ. ಬಿಲ್ ಕೇಳಿ ಇಸ್ಕೊಳ್ಳಿ. ಮತ್ತೆ ಬಣ್ಣದ ತ್ರಿಕೋನ ನೋಡೋದು ಎಲ್ಲ ಔಷಧಿಗೂ ರೂಢಿ ಮಾಡ್ಕೊಳ್ಳಿ, ಕೆಂಪು ಅಂದ್ರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಅಂತ ಇಳೀತಾ ಹೋಗ್ತದೆ. ಕೆಂಪು ಹಳದಿಯನ್ನ ಅಡುಗೆ ತರಕಾರಿ ಹತ್ರ ತರಲೇಬೇಡಿ.

ಕಲಸೋದು. ಪ್ಯಾಕೆಟ್ ಮೇಲೆ ಬರೆದ ಪ್ರಮಾಣವೇ ಪ್ರಮಾಣ, ಸಾಧಾರಣ ಲೀಟರಿಗೆ 1ರಿಂದ 2 ಗ್ರಾಂ ಬರ್ತದೆ. ಸಣ್ಣ ಡಿಜಿಟಲ್ ತಕ್ಕಡಿ ಇದ್ರೆ ಅನುಕೂಲ. ಮೊದಲು ಒಂದು ಲೋಟದಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂಗೆ ಕದಡಿ, ಆಮೇಲೆ ಪಂಪಿಗೆ ಸೋಸಿ ಹಾಕಿ, ಸೋಸದೇ ಇದ್ರೆ ನಾಜಲ್ ಕಟ್ಕೊಳ್ತದೆ. ಪುಡಿ ಹಾರ್ತದೆ, ಮೂಗು ಬಾಯಿಗೆ ಬಟ್ಟೆ ಕಟ್ಕೊಳ್ಳಿ, ಕಣ್ಣಿಗೆ ಬಿದ್ರೆ ಉರೀತದೆ. ಎಲೆಗೆ ಹಿಡ್ಕೊಳ್ಳೋದಕ್ಕೆ ನಾನು ಅಂಟುವಾಳದ ನೀರು ಸ್ವಲ್ಪ ಸೇರಿಸ್ತೇನೆ. ಬಟ್ಟೆ ಸೋಪು ಬೇಡ, ಅದರ ಕ್ಷಾರಕ್ಕೆ ಹರಳು ಹುಳದ ಹೊಟ್ಟೆ ಸೇರೋ ಮೊದಲೇ ಹಾಳಾಗಬಹುದು. ಕಲಸಿದ್ದನ್ನ ಅವತ್ತೇ ಖಾಲಿ ಮಾಡಬೇಕು, ನಾಳೆಗೆ ಅಂತ ಇಡೋ ಹಾಗಿಲ್ಲ.

ಹೊಡೆಯೋ ಹೊತ್ತು ಸಂಜೆ. ಬಿಸಿಲಿನ ಕಿರಣಕ್ಕೆ ಇದು ಬೇಗ ಸಾಯ್ತದೆ, ಸಂಜೆ ಹೊಡೆದ್ರೆ ರಾತ್ರಿಯಿಡೀ ಹುಳ ತಿನ್ನೋದು ಔಷಧಿ ಕೂತ ಎಲೆಯನ್ನೇ. ಮತ್ತೆ ಎಲೆಯ ಅಡಿಭಾಗ, ಅಡಿಭಾಗ, ಅಡಿಭಾಗ! ಮೇಲಿಂದ ಚಿಮುಕಿಸಿ ಬಂದು ಆಮೇಲೆ ಔಷಧಿ ಸುಮಾರು ಅನ್ನೋರು ತುಂಬಾ ಜನ ಇದ್ದಾರೆ. ಹುಳ ಅದನ್ನ ತಿನ್ನಲೇಬೇಕು, ಮೈಗೆ ತಾಗಿದ್ರೆ ಏನೂ ಆಗೋದಿಲ್ಲ, ಅದು ತಿನ್ನೋದು ಅಡಿಯಿಂದ, ನಾವು ಹೊಡೆಯೋದು ಮೇಲಿಂದ ಅಂದ್ರೆ ಹೇಗೆ ಆಗ್ತದೆ ಹೇಳಿ. ನಾಜಲ್ ಮೇಲ್ಮುಖ ತಿರುಗೋ ಪಂಪ್ ಸಿಗ್ತದೆ, ಎರಡು ಲೀಟರಿನದ್ದು, ಹಿತ್ತಲಿಗೆ ಅದು ಬೇಕಾದಷ್ಟಾಯ್ತು.

ಫಲಿತಾಂಶ ನಂಗೆ ಚೊಲೋ ಕಂಡಿದ್ದು ಹೀರೆ ಬಳ್ಳಿಯಲ್ಲಿ. ಹೀರೆ, ಪಡವಲ, ಹಾಗಲಕ್ಕೆ ಒಂದು ಹಸಿರು ಹುಳ ಬರ್ತದಲ್ಲ, ಬೆನ್ನ ಮೇಲೆ ಉದ್ದಕ್ಕೆ ಎರಡು ಬಿಳಿ ಗೆರೆ, ಎಲೆ ಅಂಚನ್ನ ಮಡಚಿ ಬಲೆ ನೇಯ್ದು ಒಳಗೆ ಕೂತ್ಕೊಂಡು ತಿಂತದೆ, ಕೊನೆಗೆ ಎಲೆಯಲ್ಲಿ ನರ ಮಾತ್ರ ಉಳೀತದೆ, ಎಳೆ ಹೀರೆಕಾಯಿ ಸಿಪ್ಪೆಯನ್ನೂ ಕೆರೀತದೆ. ಅದನ್ನ ಹುಡುಕೋದು ಹೇಗೆ ಅಂದ್ರೆ ಹುಳ ಹುಡುಕಬೇಡಿ, ಹಿಕ್ಕೆ ಹುಡುಕಿ. ಕೆಳಗಿನ ಎಲೆ ಮೇಲೆ ಸಾಸಿವೆ ಕಾಳಿನಂಥ ಕಪ್ಪು ಹಿಕ್ಕೆ ಬಿದ್ದಿರ್ತದೆ, ಬೆರಳಲ್ಲಿ ಒತ್ತಿ ನೋಡಿ, ಒದ್ದೆ ಇದ್ರೆ ಹುಳ ಈಗಲೂ ಅದರ ನೆಟ್ಟಗೆ ಮೇಲೇ ಇದೆ, ಒಣಗಿ ಪುಡಿಯಾದ್ರೆ ಹೋಗಿ ಆಗಿದೆ. ಮೊದಲು ಮಡಚಿದ ಎಲೆ ಬಿಡಿಸಿ, ಆಮೇಲೆ ಹೊಡೆದೆ. ಮಾರನೇ ದಿನ ಬೆಳಿಗ್ಗೆ ಹುಳ ಎಲ್ಲ ಅಲ್ಲಲ್ಲೇ ಇದ್ವು, ಮಗಳು "ಆಯಿ, ಒಂದೂ ಸತ್ತಿಲ್ಲ" ಅಂದ್ಲು, ಆದ್ರೆ ಹೊಸ ಹಿಕ್ಕೆ ಇರಲಿಲ್ಲ. ಮುಖ್ಯ ಅದು, ತಿನ್ನೋದು ನಿಂತಿತ್ತು. ಅದರ ಮಾರನೇ ದಿನಕ್ಕೆ ಹಸಿರು ಮೈ ಕಂದು ತಿರುಗಿ, ಮೆತ್ತಗಾಗಿ, ಎಲೆಯಿಂದ ಜೋತು ಬಿದ್ದಿದ್ವು, ಕಡ್ಡಿ ಮುಟ್ಟಿಸಿದ್ರೆ ಒಡೆದು ಕಪ್ಪು ನೀರು ಬರ್ತದೆ. ಹಾಗಾಗಿ ಮರುದಿನವೇ ನೋಡಿ ಕೆಲಸ ಮಾಡಿಲ್ಲ ಅಂತ ಮತ್ತೆ ಹೊಡೀಬೇಡಿ, ಕಾಯಿರಿ.

ಹರಿವೆಯ ಬಲೆ ಹುಳಕ್ಕೂ ಒಳ್ಳೇದೇ. ಹರಿವೆ ದಿನಾ ಕೀಳೋ ಸೊಪ್ಪು, ಅದಕ್ಕೆ ನಾನು ಪಾತಿ ಎರಡು ಭಾಗ ಮಾಡ್ಕೊಂಡು ಒಂದರಲ್ಲಿ ಕೀಳ್ತೇನೆ, ಇನ್ನೊಂದಕ್ಕೆ ಹೊಡೆದು ಕೆಲವು ದಿನ ಬಿಡ್ತೇನೆ, ಆಮೇಲೆ ತೊಳೆದು ಅಡುಗೆಗೆ.

ಬಸಳೆಗೆ, ಪತ್ರೊಡೆ ಕೆಸುವಿಗೆ ಬರೋ ದೊಡ್ಡ ಕಂದು-ಕಪ್ಪು ಹುಳದ ಮುಂದೆ ಮಾತ್ರ ಬಿಟಿ ಅಷ್ಟಕ್ಕಷ್ಟೇ, ಮಾರ್ಕು ಕೊಡೋದಾದ್ರೆ ಪಾಸ್ ಆಗೋವಷ್ಟು ಕೊಡಬಹುದು. ಇದನ್ನ ಸ್ಪೊಡಾಪ್ಟೆರಾ ಅಂತಾರೆ, ಈ ಜಾತಿಗೆ ಕುರ್ಸ್ಟಾಕಿ ಮೊದಲಿಂದಲೂ ಅಷ್ಟು ಜೋರಾಗಿ ಹತ್ತೋದಿಲ್ಲ, ಬೆಳೆದ ಹುಳಕ್ಕಂತೂ ಇಲ್ಲವೇ ಇಲ್ಲ. ಹಗಲು ಮಣ್ಣಲ್ಲಿ, ತರಗೆಲೆ ಅಡಿ ಅಡಗಿರ್ತದೆ, ರಾತ್ರಿ ಹತ್ತಿ ತಿಂತದೆ. ಇದಕ್ಕೆ ಸುಲಭದ ದಾರಿ ಬೇರೆ ಇದೆ: ಪತಂಗ ಎಲೆ ಅಡಿಗೆ ಮೊಟ್ಟೆ ಗುಂಪಾಗಿ ಇಟ್ಟು ಮೇಲೆ ತನ್ನದೇ ಕಂದು ಕೂದಲು ಹೊದಿಸಿರ್ತದೆ, ಒಂದು ಗುಂಪಲ್ಲಿ ನೂರಾರು ಮೊಟ್ಟೆ, ಒಡೆದ ಮರಿಗಳು ಕೆಲವು ದಿನ ಒಟ್ಟಿಗೇ ಇದ್ದು ಎಲೆಯ ಹಸಿರು ಮಾತ್ರ ಕೆರೆದು ತಿಂತವೆ, ಆ ಎಲೆ ದೂರದಿಂದಲೇ ಬೆಳ್ಳಗೆ ಜಾಳುಜಾಳಾಗಿ ಕಾಣ್ತದೆ. ಆ ಒಂದು ಎಲೆ ಕಿತ್ತು ಸೋಪಿನ ನೀರಿಗೆ ಹಾಕಿದ್ರೆ ನೂರು ಹುಳ ಹೋಯ್ತು, ಔಷಧಿಯ ಖರ್ಚೇ ಇಲ್ಲ. ತಪ್ಪಿಸ್ಕೊಂಡವಕ್ಕೆ ರಾತ್ರಿ ಊಟ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಹೋಗೋದು. ನಮ್ಮನೆಯಲ್ಲಿ ಅದು ಮಕ್ಕಳ ಕೆಲಸ, ಅವರಿಗೆ ಖುಷಿಯೂ ಹೌದು.

ಬದನೆಗೆ ದಯವಿಟ್ಟು ಇದನ್ನ ನಂಬ್ಕೊಂಡು ಕೂರಬೇಡಿ. ಬದನೆಯ ಕುಡಿ ಮತ್ತು ಕಾಯಿಕೊರಕದ ಮರಿ ಮೊಟ್ಟೆಯಿಂದ ಹೊರಗೆ ಬಂದು ಸ್ವಲ್ಪ ಹೊತ್ತಲ್ಲೇ ಕುಡಿಗೋ ಕಾಯಿಗೋ ಹೊಕ್ಕುಬಿಡ್ತದೆ, ಮೇಲೆ ಕೂತ ಔಷಧಿ ಅದರ ಬಾಯಿಗೆ ಸಿಗೋದೇ ಇಲ್ಲ. ಮಧ್ಯಾಹ್ನ ಒಂದು ಕುಡಿ ಮಾತ್ರ ಬಾಡಿ ತಲೆ ಬಗ್ಗಿಸಿದ್ರೆ ಅದರೊಳಗೆ ಇದೆ ಅಂತ ಲೆಕ್ಕ, ನೀರು ಕಮ್ಮಿ ಆಯ್ತು ಅಂತ ನೀರು ಹಾಕ್ತಾ ಕೂರಬೇಡಿ, ಬಾಡಿದ ಜಾಗಕ್ಕಿಂತ ಸ್ವಲ್ಪ ಕೆಳಗೆ ಚಿವುಟಿ ಸೀಳಿ ನೋಡಿ, ಗುಲಾಬಿ ಬಣ್ಣದ ಹುಳ ಕಾಣ್ತದೆ. ಕುಡಿ ಸುಟ್ಟುಬಿಡಿ, ಗಿಡದ ಬುಡಕ್ಕೆ ಬಿಸಾಡಿದ್ರೆ ಹುಳ ಅಲ್ಲೇ ಗೂಡು ಕಟ್ಟಿ ಪತಂಗವಾಗಿ ಮತ್ತೆ ಬರ್ತದೆ. ಇದಕ್ಕೆ ಗಂಡು ಪತಂಗ ಹಿಡಿಯೋ ಮೋಹಕ ಬಲೆ ಬೇರೆ ಸಿಗ್ತದೆ, ಬದನೆ ಜಾಸ್ತಿ ಬೆಳೆಯೋರು ಅದನ್ನ ತಗೊಳ್ಳಿ.

ಇನ್ನು ಹುಳ ಅಲ್ಲದ ಹುಳಗಳು. ಚೌತಿ ಫಲಾವಳಿಗೆ ಅಂತ ಬಿಟ್ಟ ಮೊಗೆಕಾಯಿ ಕೊಯ್ದು ನೋಡಿದ್ರೆ ಒಳಗೆಲ್ಲ ಬಿಳಿ ಹುಳ ಲುಟುಲುಟು ಅನ್ನೋದು ಎಲ್ಲರ ಮನೆ ಕತೆ, ಅದು ಹಣ್ಣುನೊಣದ ಮರಿ, ಬಿಟಿ ಬಿಡಿ, ಎಂತ ಹೊಡೆದ್ರೂ ಒಳಗೆ ಮುಟ್ಟೋದಿಲ್ಲ. ಕಾಯಿ ಎಳೆಯದಿರುವಾಗಲೇ ಕಾಗದವೋ ಹಳೇ ಬಟ್ಟೆಯೋ ಸುತ್ತಬೇಕು, ಗಂಡು ಹಣ್ಣುನೊಣವನ್ನ ಸೆಳೆದು ಹಿಡಿಯೋ ಕ್ಯೂ ಲ್ಯೂರ್ ಬಲೆ ತೂಗುಹಾಕಬೇಕು, ಕೊಳೆತು ಬಿದ್ದ ಕಾಯಿ ಆರಿಸಿ ಆಳಕ್ಕೆ ಹೂಳಬೇಕು. ಬದನೆ ಎಲೆಯನ್ನ ಏಣಿ ಮೆಟ್ಟಿಲ ಥರ ಕೆರೆಯೋ ಚುಕ್ಕಿ ದುಂಬಿ ಮತ್ತು ಅದರ ಮುಳ್ಳುಮುಳ್ಳು ಹಳದಿ ಮರಿ, ಸೌತೆ ಸಸಿಯ ಎಲೆ ತೂತು ಮಾಡೋ ಕೆಂಪು ದುಂಬಿ, ಇವಕ್ಕೂ ಕುರ್ಸ್ಟಾಕಿ ಹತ್ತೋದಿಲ್ಲ, ಇದು ಪತಂಗ ಚಿಟ್ಟೆಗಳ ಮರಿಗೆ ಮಾತ್ರ. ಮಳೆಗಾಲದಲ್ಲಿ ಬೆಳಗಾಗೋದರೊಳಗೆ ಸಸಿಯೇ ಮಾಯ ಆಗಿದ್ರೆ ಎಲೆ ಮೇಲೆ ಹೊಳೆಯೋ ಗೀರು ಇದೆಯಾ ನೋಡಿ, ಇದ್ರೆ ಬಸವನಹುಳ. ಏನು ತಿಂದಿದ್ದು ಅಂತ ಗೊತ್ತಾಗದೇ ಇದ್ರೆ ಹಾಳಾದ ಎಲೆ, ಹುಳ ಎರಡನ್ನೂ ಒಂದು ಡಬ್ಬಿಯಲ್ಲಿ ಹಾಕ್ಕೊಂಡು ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ ಬನ್ನಿ, ಔಷಧಿ ಅಂಗಡಿಯವರು ಹೇಳಿದ್ದಕ್ಕೆಲ್ಲ ದುಡ್ಡು ಸುರಿಯೋದಕ್ಕಿಂತ ಅದು ವಾಸಿ.

ಬೇವಿನೆಣ್ಣೆ ಜೊತೆ ಹೋಲಿಸಿ ಅಂತಲೂ ಕೇಳಿದ್ರಿ. ಎರಡರ ಕೆಲಸ ಬೇರೆ. ಬೇವು ಎಲೆಯನ್ನ ಕಹಿ ಮಾಡ್ತದೆ, ಹುಳದ ಬೆಳವಣಿಗೆ ತಡೀತದೆ, ಗಿಡದ ಹೇನು, ಬಿಳಿ ನೊಣಕ್ಕೂ ಸ್ವಲ್ಪ ಉಪಯೋಗ ಇದೆ, ಬಿಟಿಗೆ ಆ ಗುಣ ಇಲ್ಲ. ಆದ್ರೆ ಬಳ್ಳಿಯಲ್ಲಿ ಹುಳ ಆಗ್ಲೇ ಮುತ್ತಿದ್ರೆ ಬೇವಿನಿಂದ ತಡ ಆಗ್ತದೆ, ಎಣ್ಣೆ ಜಾಸ್ತಿ ಆದ್ರೆ, ಬಿಸಿಲಲ್ಲಿ ಹೊಡೆದ್ರೆ ಎಳೆ ಎಲೆ ಸುಡ್ತದೆ, ಹರಿವೆಗೆ ಹೊಡೆದ್ರೆ ಕಹಿ ವಾಸನೆ ಪಲ್ಯದವರೆಗೂ ಬರ್ತದೆ. ನಾನು ಹುಳ ಕಾಣೋ ಮೊದಲು ಬೇವು, ಸಣ್ಣ ಹುಳ ಕಂಡ ಮೇಲೆ ಬಿಟಿ ಅಂತ ಇಟ್ಕೊಂಡಿದ್ದೇನೆ.

ಬಿಟಿಯ ದೊಡ್ಡ ಕೊರತೆ ನಮ್ಮ ಮಳೆ. ಆಷಾಢದಲ್ಲಿ ಘಟ್ಟದ ಮೇಲೆ ಬಿಡದೇ ಹೊಯ್ಯೋ ಮಳೆಗೆ ಯಾವ ಪುಡಿಯೂ ಎಲೆ ಮೇಲೆ ನಿಲ್ಲೋದಿಲ್ಲ. ಹೊಳವಾದ ಸಂಜೆ ನೋಡಿ ಹೊಡೆದ್ರೂ ರಾತ್ರಿ ಜೋರು ಮಳೆ ಬಂದ್ರೆ ತೊಳೆದು ಹೋಗ್ತದೆ, ಮತ್ತೆ ಹೊಡೀಬೇಕು. ಹಾಗಾಗಿ ಜೂನ್-ಜುಲೈಯಲ್ಲಿ ನಾನು ಇದನ್ನ ಮುಟ್ಟೋದಿಲ್ಲ, ಕೈಯಲ್ಲೇ ಆರಿಸೋದು. ಭಾದ್ರಪದದ ಹೊತ್ತಿಗೆ ಮಳೆ ಬಿಟ್ಟುಬಿಟ್ಟು ಬರುವಾಗ ಶುರು ಮಾಡ್ತೇನೆ. ಒಣ ದಿನಗಳಲ್ಲೂ ವಾರದೊಳಗೆ ಶಕ್ತಿ ಮುಗೀತದೆ, ಹೊಸ ಚಿಗುರಿಗೆ ಔಷಧಿ ಇರೋದಿಲ್ಲ, ಹುಳ ಮತ್ತೆ ಕಂಡ್ರೆ ಮಾತ್ರ ಎರಡನೇ ಸಲ.

ಕಂಡ್ರೆ ಮಾತ್ರ ಅಂತ ಒತ್ತಿ ಹೇಳೋದಕ್ಕೆ ಕಾರಣ ಕ್ಯಾಬೇಜಿನ ವಜ್ರಬೆನ್ನಿನ ಪತಂಗ. ಬಿಟಿಯನ್ನೇ ಮತ್ತೆ ಮತ್ತೆ ಹೊಡೆದ ಹವಾಯಿ ದ್ವೀಪದ ಹೊಲಗಳಲ್ಲಿ ಈ ಹುಳ ಬಿಟಿಗೂ ಜಗ್ಗದಂಗೆ ಆಗಿದ್ದು 1990ರಲ್ಲೇ ವರದಿಯಾಗಿದೆ. ವಾರಕ್ಕೊಂದು ಸಲ ಅಂತ ಕ್ಯಾಲೆಂಡರ್ ನೋಡಿ ಹೊಡೆಯೋ ರೂಢಿ ಬೇಡ, ಒಳ್ಳೇ ಔಷಧಿಯನ್ನ ನಾವೇ ಕೆಡಿಸಿದಂಗೆ ಆಗ್ತದೆ. ಕ್ಯಾಬೇಜಿಗೆ ಸಸಿ ಇರುವಾಗ್ಲೇ ಹಳೇ ಸೊಳ್ಳೆ ಪರದೆ ಮುಚ್ಚಿದ್ರೆ ಅರ್ಧ ಕೆಲಸ ಅಲ್ಲೇ ಮುಗೀತದೆ.

ಮತ್ತೆ ಇದಕ್ಕೆ ನಮ್ಮ ಹುಳ, ಬೇರೆ ಹುಳ ಅಂತ ಭೇದ ಇಲ್ಲ, ಚಿಟ್ಟೆ ಮರಿಯನ್ನೂ ಕೊಲ್ತದೆ. ಕರಿಬೇವು, ಲಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆ ಥರ ಕಾಣೋ ಹುಳ, ಮುಟ್ಟಿದ್ರೆ ತಲೆಯಿಂದ ಕೋಡು ಹೊರಗೆ ಹಾಕ್ತದಲ್ಲ, ಅದು ಲಿಂಬೆ ಚಿಟ್ಟೆಯ ಮರಿ, ದೊಡ್ಡ ಗಿಡ ಆದ್ರೆ ತಿಂದ್ಕೊಳ್ಲಿ ಬಿಡಿ, ಸಸಿ ಆದ್ರೆ ಎತ್ತಿ ಬೇರೆ ಗಿಡಕ್ಕೆ ಬಿಡಿ. ಹಿತ್ತಲ ಬೇಲಿಯಲ್ಲಿ ಈಶ್ವರಿ ಬಳ್ಳಿ ಇದ್ರೆ ಅದರ ಹತ್ರ ಪಂಪ್ ಒಯ್ಯಲೇಬೇಡಿ, ನಮ್ಮ ರಾಜ್ಯದ ಚಿಟ್ಟೆ ಅಂತ ಕರೆಯೋ ಸಹ್ಯಾದ್ರಿಯ ಆ ದೊಡ್ಡ ಹಳದಿ-ಕಪ್ಪು ಚಿಟ್ಟೆಯ ಮರಿ ಬೆಳೆಯೋದು ಆ ಜಾತಿ ಬಳ್ಳಿ ಮೇಲೇ. ಹಿಪ್ಪುನೇರಳೆ, ರೇಷ್ಮೆ ಸಾಕೋರ ಪಕ್ಕದ ಮನೆಯವರಂತೂ ಗಾಳಿ ನೋಡಿ ಅಲ್ಲ, ಬಳಸಲೇಬೇಡಿ, ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ಸತ್ತ ರೇಷ್ಮೆ ಹುಳದಲ್ಲಿ. ಹಾಗೇ ಸತ್ತ ಹುಳದ ಮೈ ಮೇಲೆ ಅಕ್ಕಿ ನುಚ್ಚಿನಂಥ ಬಿಳಿ ಗೂಡು ಅಂಟಿದ್ದು ಕಂಡ್ರೆ ಅದನ್ನ ಉಜ್ಜಿ ಹಾಕಬೇಡಿ, ಅದು ಹುಳ ತಿನ್ನೋ ಸಣ್ಣ ಕಣಜದ ಗೂಡು, ಸುಮ್ನೆ ಬಿಟ್ರೆ ಮುಂದಿನ ಹುಳ ಅದೇ ನೋಡ್ಕೊಳ್ತದೆ.

ನುಗ್ಗೆ ಮರದ ಕಂಬಳಿಹುಳಕ್ಕೆ ಇದು ಆಗ್ತದಾ ಅಂದ್ರೆ, ಅಷ್ಟು ಎತ್ತರಕ್ಕೆ ಕೈಪಂಪಲ್ಲಿ ಹೊಡೆಯೋದು ಆಗದ ಮಾತು. ಹಗಲು ಬೊಡ್ಡೆ ಮೇಲೆ ಗುಂಪಾಗಿ ಕೂತಿರುವಾಗ ಹಿರಿಯರು ಮಾಡಿದ ಹಾಗೆ ಸೂಡಿ (ಪಂಜು) ಹಚ್ಚಿ ಸವರೋದೇ ಸರಿ, ಪೂರ್ತಿ ಮೈ ಮುಚ್ಚೋ ಬಟ್ಟೆ ಹಾಕ್ಕೊಂಡು, ತೊಗಟೆ ಸುಡದಂಗೆ.

ಬಿಚ್ಚಿದ ಪ್ಯಾಕೆಟ್ ಬಾಯಿ ಬಿಗಿಯಾಗಿ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ತಂಪಾದ ಒಣ ಜಾಗದಲ್ಲಿ ಇಡಿ, ಒಲೆ ಹತ್ರ ಬೇಡ, ನಮ್ಮ ಮಳೆಗಾಲದ ಥಂಡಿಗೆ ಹಾಗೇ ಇಟ್ರೆ ಗಂಟು ಕಟ್ತದೆ. ಡಬ್ಬಿ ಮೇಲೆ ಎಂತ ಅಂತ ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಸಿಗದಂಗೆ ಇಡಿ. ಘಟ್ಟದ ಕೆಳಗಿನವರಿಗೆ ಒಂದು ಮಾತು, ನಿಮ್ಮ ಬಾವಿ ನೀರು ಗಡಸು ಇದ್ರೆ, ಉಪ್ಪು ನೀರು ಬರ್ತಿದ್ರೆ ಕಲಸೋದಕ್ಕೆ ಮಳೆ ನೀರು ಹಿಡಿದಿಟ್ಟದ್ದನ್ನ ಬಳಸಿ. ಕುಮಟಾ, ಅಂಕೋಲಾ, ಕಾರವಾರದ ಕಡೆ ಸಣ್ಣ ಪ್ಯಾಕ್ ಎಲ್ಲಿ ಸಿಗ್ತದೆ ಅಂತ ನನ್ನ ತಂಗಿ ಕೇಳ್ತಾ ಇದ್ಲು, ಗೊತ್ತಿದ್ದವರು ಕೆಳಗೆ ಹಾಕಿ.